ನಲವತ್ತೊಂದನೇ ಲಕೋಟೆ

ಚರ್ಚಿನ ಖಜಾಂಚಿಗೆ ಪ್ರಾರ್ಥನೆಯಲ್ಲೂ ನೆಮ್ಮದಿಯಿಲ್ಲ. ಎಲ್ಲರೂ ಕಣ್ಣು ಮುಚ್ಚಿದಾಗ ಇವರು ಅರೆಗಣ್ಣಲ್ಲಿ ತಲೆ ಎಣಿಸುತ್ತಾರೆ. ಒಂದು ಬೆಂಚು ಖಾಲಿ ಕಂಡರೆ ಸಾಕು, ಸೋರುವ ಮಾಡು, ಪಾದ್ರಿಗಳ ಸಂಬಳ, ಕರೆಂಟ್ ಬಿಲ್ಲು ಎಲ್ಲವೂ ಎದೆಯ ಮೇಲೆ ಬಂದು ಕೂರುತ್ತವೆ. ಯಾರಾದರೂ ಕೆಮ್ಮಿದರೂ "ಮುಂದಿನ ವಾರ ಬರ್ತೀರಿ ತಾನೇ?" ಎನ್ನುತ್ತಾರೆ. ಮದುವೆಯಾದ ಹುಡುಗಿ ಬೇರೆ ಊರಿಗೆ ಹೊರಟರೆ ಅವಳ ತಾಯಿಗಿಂತ ಮೊದಲು ಇವರ ಕಣ್ಣು ಒದ್ದೆಯಾಗುತ್ತದೆ. ಮೂರು ತಿಂಗಳು ತಮ್ಮ ನಂಬರಿನ ಕಾಣಿಕೆಯ ಲಕೋಟೆ ಬಾರದಿದ್ದರೆ ಸದಸ್ಯರ ಹೆಸರು ಹೊಡೆದುಹಾಕುವ ನಿಯಮ ತಂದವರೂ ಇವರೇ. ಇವರೊಂದಿಗೆ ಮುನಿಸಿಕೊಂಡ ಮಗಳು ಚರ್ಚಿನ ಮೆಟ್ಟಿಲು ಹತ್ತದೆ ಆರು ವರ್ಷವಾಯಿತು. ಅವಳ ನಲವತ್ತೊಂದನೇ ನಂಬರಿನ ಲಕೋಟೆ ಮಾತ್ರ ಒಂದು ತಿಂಗಳೂ ತಪ್ಪಿಲ್ಲ. ಅದರ ಮೇಲಿನ ಕೈಬರಹ ಗುರುತಿಸಿದ ಪಾದ್ರಿಗಳು ಲಕೋಟೆಯನ್ನು ಇವರ ಮುಂದೆ ಹಿಡಿದರೆ, ಖಜಾಂಚಿ ತಡವರಿಸುತ್ತಾರೆ: "ಅವಳು ಬಂದ ದಿನ ಹೆಸರಿಲ್ಲ ಅನ್ನೋ ಹಾಗಾಗ್ಬಾರದಲ್ವಾ ಫಾದರ್?"