ಕಾರ್ಕಳದಲ್ಲಿ ಬಂದ ಸಂಬಂಧ

ಕಾರ್ಕಳದ ಕಾಲೇಜೊಂದರಲ್ಲಿ ಪದವಿ ವಿದ್ಯಾರ್ಥಿಗಳ ಸಂಶೋಧನಾ ಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಕುಕ್ಕುಂದೂರಿನ ಹುಡುಗಿಯೊಬ್ಬಳ ವಿಷಯ ಪ್ರೇತ ಮದುವೆ. ಮದುವೆಯಾಗದೆ ಸತ್ತವರಿಗೆ ಸತ್ತವರಲ್ಲೇ ಜೋಡಿ ಹುಡುಕುವ ನಮ್ಮ ಕಡೆಯ ಪದ್ಧತಿ ಅದು.

"ಈಗಲೂ ಇದೆಲ್ಲ ಉಂಟಾ?" ಎಂದೆ.

"ಉಂಟು ಸರ್. ನಿಮ್ಮ ಮನೆಯಲ್ಲಿ ಹಾಗೆ ಹೋದವರು ಯಾರಾದರೂ?"

"ತಂಗಿ. ತೊಟ್ಟಿಲಲ್ಲೇ ಹೋದಳು."

ಚಾರ್ಟಿನ ಪಕ್ಕ ಕುಳಿತಿದ್ದ ಅವಳ ಅಜ್ಜ ಎದ್ದು ಬಂದು ನನ್ನ ಮುಖದಲ್ಲಿ ತಂಗಿಯನ್ನು ಹುಡುಕಿದರು. "ಹೋದ ಮಕ್ಕಳೂ ಅಲ್ಲಿ ಬೆಳೀತಾರೆ. ಈಗ ಅವಳಿಗೆ ಮದುವೆ ಪ್ರಾಯ, ಅಲ್ವಾ? ನನ್ನ ಮಗನೂ ಎಳವೆಯಲ್ಲೇ ಹೋದವ. ದಿನಾ ಕನಸಿಗೆ ಬಂದು ಹೆಣ್ಣು ನೋಡಿ ಅಂತಾನೆ."

ಅಂಕ ಹಾಕಿದವನೇ ಹೊರಗೆ ಬಂದು ಎಸ್‌ಟಿಡಿ ಬೂತಿನಿಂದ ಅಮ್ಮನಿಗೆ ತಮಾಷೆಯೆಂಬಂತೆ ಹೇಳಿದೆ. ಅಮ್ಮ ನಗಲಿಲ್ಲ.

"ಹುಡುಗನ ಮನೆಯವರು ಹೇಗೆ? ಅವಳ ಮದುವೆ ಆಗದೆ ನಿನಗೆ ಹೆಣ್ಣು ಎಲ್ಲಿಂದ ಸಿಕ್ಕೀತು, ಮಗಾ?"