ಮೊಣಕಾಲೆತ್ತರದ ಹೊಸ್ತಿಲು

ಮೊನ್ನೆ ಸಿಹಿ ಪೊಂಗಲ್ಲಿಗೆ ಹಾಕೋಣವೆಂದು ಪಚ್ಚಕರ್ಪೂರದ ಡಬ್ಬಿ ತೆಗೆದೆ. ಆ ವಾಸನೆಗೆ ಬೇರೆಯವರಿಗಾದರೆ ದೇವಸ್ಥಾನದ ತೀರ್ಥ ನೆನಪಾಗಬೇಕು. ನನಗೆ ನೆನಪಾದದ್ದು ಒಂದು ಮಸಿಯ ಬಟ್ಟಲು. ಒಲೆಯ ಮೇಲೆ ಪೊಂಗಲ್ ತಳ ಹಿಡಿಯುತ್ತಿದ್ದರೂ ಡಬ್ಬಿಯನ್ನು ಮೂಗಿಗೆ ಹಿಡಿದುಕೊಂಡೇ ನಿಂತಿದ್ದೆ. ಮೈಸೂರಿನ ಈ ಅಡುಗೆಮನೆಯಿಂದ ಒಮಾನಿನ ಇಬ್ರಿಗೆ, ನಮ್ಮ ಬಾಡಿಗೆ ಮನೆಗೆ, ಎದುರುಮನೆಯ ಆ ಚೀನಾದಾಕೆಯ ಹತ್ತಿರಕ್ಕೆ...

ಎಣ್ಣೆಯ ಬೆಲೆ ನೆಲಕಚ್ಚಿದ್ದ ವರ್ಷಗಳವು. ನಮ್ಮವರು ಎಣ್ಣೆಬಾವಿಗಳಿಗೆ ಪಂಪು ಒದಗಿಸುವ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದರು. ವಾರ ಬಂತೆಂದರೆ ಕೆಲಸ ಹೋದ ಯಾರದೋ ಮನೆಯ ಸೋಫಾ, ಫ್ರಿಜ್ಜು ಪಿಕಪ್ ಹತ್ತಿ ಹೋಗುತ್ತಿದ್ದವು. ಸದ್ಯ, ನಮ್ಮದಲ್ಲವಲ್ಲ ಎಂದುಕೊಂಡು ನಾವು ಕಾಫಿ ಕುಡಿಯುತ್ತಿದ್ದೆವು. ಎದುರುಮನೆಯಾಕೆಯ ಗಂಡ ಚೀನಾದ ಕಂಪನಿಯೊಂದರ ಬಾವಿ ಕೊರೆಯುವ ರಿಗ್ಗಿನಲ್ಲಿದ್ದ. ವಾರಗಟ್ಟಲೆ ಮರುಭೂಮಿಯಲ್ಲೇ ವಾಸ. ಮನೆಯಲ್ಲಿ ಆಕೆ ಒಬ್ಬಳೇ. ಚಿತ್ರ ಬರೆಯುವವಳಂತೆ ಎಂದಷ್ಟೇ ಕೇಳಿದ್ದೆ.

ಮೊದಲ ಸಲ ನಮ್ಮನೆಗೆ ಬಂದಾಗ ಬಾಗಿಲಲ್ಲಿ ನಿಂತಳು. ಒಂದು ಕಾಲನ್ನು ಕೊಕ್ಕರೆಯ ಹಾಗೆ ಮೇಲೆತ್ತಿ, ಏನನ್ನೋ ದಾಟಿ ಒಳಗಿಟ್ಟಳು. ಆಮೇಲೆ ಇನ್ನೊಂದು ಕಾಲು. ಅಲ್ಲಿದ್ದದ್ದು ನೆಲಮಟ್ಟದ ಮಾರ್ಬಲ್ ಪಟ್ಟಿ, ಅದರ ಮೇಲೆ ನಾನೆಳೆದ ಎರಡೆಳೆ ರಂಗೋಲಿ. ಅಯ್ಯೋ ಪಾಪ, ರಂಗೋಲಿ ತುಳಿಯಬಾರದೆಂದು ಎಷ್ಟು ಕಷ್ಟಪಡುತ್ತಾಳಲ್ಲ ಎಂದು ನಾನು ಕರಗಿಹೋದೆ. ನೋಡಿದರೆ ರಂಗೋಲಿ ಅಳಿಸಿಹೋದ ಸಂಜೆಯೂ ಹಾಗೇ ದಾಟುತ್ತಾಳೆ, ತರಕಾರಿ ಅಂಗಡಿಯ ಬಾಗಿಲಲ್ಲೂ ಹಾಗೇ ದಾಟುತ್ತಾಳೆ!

“ಅಮ್ಮಾ, ಶಿ ಈಸ್ ಜಂಪಿಂಗ್ ಓವರ್ ನಥಿಂಗ್!” ಎಂದು ಸ್ಕೂಲಿಗೆ ಹೋಗುವ ನನ್ನ ಮಗಳು ಬಿದ್ದುಬಿದ್ದು ನಕ್ಕಳು.

ಕೊನೆಗೊಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ನಮ್ಮಿಬ್ಬರ ಮಾತು ಹರುಕು ಇಂಗ್ಲಿಷು, ಸಂತೆಯ ಅರಬ್ಬಿ, ಮಿಕ್ಕದ್ದು ಕೈಸನ್ನೆ. ಆಕೆ ಅಂಗೈಯನ್ನು ಮೊಣಕಾಲಿನ ಹತ್ತಿರ ಹಿಡಿದು ತೋರಿಸಿದಳು. ದೊಡ್ಡ ನದಿಯೊಂದರ ದಂಡೆಯಲ್ಲಿತ್ತಂತೆ ಅವಳ ಊರು. ಅಮ್ಮನ ಮನೆಗೆ ಕಲ್ಲಿನ ಎತ್ತರದ ಹೊಸ್ತಿಲು. ಅವರಲ್ಲೂ ಹೊಸ್ತಿಲು ತುಳಿಯುವಂತಿಲ್ಲ, ದಾಟಬೇಕು.

“ಈಗ ಆ ಮನೆ?” ಎಂದೆ.

“ಖಲಾಸ್. ಮನೆ ಖಲಾಸ್. ಬೀದಿ ಖಲಾಸ್. ಎಲ್ಲ ನೀರು.”

ನದಿಗೆ ಅಣೆಕಟ್ಟು ಕಟ್ಟಿದ್ದರು. ಊರಿಗೆ ಊರೇ ಗುಡ್ಡದ ಮೇಲಿನ ಹೊಸ ಕಟ್ಟಡಗಳಿಗೆ ಹೋಗಬೇಕಾಯಿತು. ಆಗ ಆಕೆ ಚಿತ್ರಕಲೆ ಓದುತ್ತಿದ್ದಳು. ಜೊತೆಯವರೆಲ್ಲ ಏನಾದರೂ ಉಳಿಸಿಕೊಳ್ಳಬೇಕೆಂದು ಊರಿಗೆ ಓಡಿಬಂದರಂತೆ. ಒಬ್ಬ, ಮಂಚ ಹೊತ್ತು ಗುಡ್ಡ ಹತ್ತುವವರನ್ನು ಗೋಡೆಯಗಲದ ಬಟ್ಟೆಯ ಮೇಲೆ ಬರೆದ. ಇನ್ನೊಬ್ಬಳು, ಬಿಟ್ಟುಹೋದ ಮನೆಗಳ ಗೋಡೆಯಲ್ಲಿ ಉಳಿದ ಕ್ಯಾಲೆಂಡರುಗಳ ಫೋಟೊ ತೆಗೆದಳು. ಈಕೆ ಹೊಸ್ತಿಲುಗಳ ಅಚ್ಚು ತೆಗೆದಳು. ತೆಳು ಕಾಗದಕ್ಕೆ ನೀರು ಚಿಮುಕಿಸಿ ಕಲ್ಲಿಗೆ ಅಂಟಿಸುವುದು, ಮಸಿಯಲ್ಲಿ ಅದ್ದಿದ ಬಟ್ಟೆಯುಂಡೆಯಿಂದ ಮೆಲ್ಲಗೆ ತಟ್ಟುವುದು. ಉಳಿಯ ಗುರುತು, ಮಕ್ಕಳು ಕೆರೆದ ಗೀರು ಎಲ್ಲ ಕಾಗದಕ್ಕೆ ಎದ್ದುಬರುತ್ತಿತ್ತು. ಇಬ್ರಿಯ ಅವಳ ಮನೆಯ ಒಳಕೋಣೆ ತುಂಬ ಆ ಹಾಳೆಗಳು, ಬಟ್ಟಲಿನ ಮಸಿಗೆ ಥೇಟ್ ಪಚ್ಚಕರ್ಪೂರದ ವಾಸನೆ.

ಬೀದಿಯ ಎಲ್ಲರ ಹೊಸ್ತಿಲೂ ಅವಳ ಹತ್ತಿರವಿತ್ತು, ತನ್ನದೊಂದನ್ನು ಬಿಟ್ಟು. ನಮ್ಮನೆ ತಾನೆ, ಎಲ್ಲಿ ಓಡಿಹೋಗುತ್ತದೆ ಎಂದು ಕೊನೆಗೆ ಇಟ್ಟುಕೊಂಡಿದ್ದಳಂತೆ. ನೀರಿಗಿಂತ ಮೊದಲೇ ಮನೆ ಒಡೆಯುವವರು ಬಂದರು. ಅದರ ಜಾಗಕ್ಕೆಂದು ಒಂದು ಖಾಲಿ ಹಾಳೆ ಇಟ್ಟುಕೊಂಡಿದ್ದಳು.

“ಎತ್ತರ ಮರೀತಾ ಇದೆ,” ಎಂದಳು ಒಮ್ಮೆ. ಅವಳನ್ನು ತಿನ್ನುತ್ತಿದ್ದ ಭಯ ಅದೇ. ಚಿಕ್ಕಂದಿನಲ್ಲಿ ಆ ಹೊಸ್ತಿಲು ಸೊಂಟಕ್ಕೆ ಬರುತ್ತಿತ್ತು, ಆಮೇಲೆ ತೊಡೆಗೆ, ಆಮೇಲೆ ಮೊಣಕಾಲಿಗೆ... ಸರಿಯಾಗಿ ಎಷ್ಟು? ಅಮ್ಮ ತೀರಿಕೊಂಡ ಮೇಲೆ ಕೇಳೋಣವೆಂದರೆ ಯಾರೂ ಇಲ್ಲ. ದಿನವೂ ದಾಟುತ್ತಿದ್ದರೆ ಕಾಲಿಗಾದರೂ ನೆನಪಿರುತ್ತದೆಂದು ಹಾಗೆ ದಾಟುತ್ತಿದ್ದಳು. ಆವತ್ತಿನಿಂದ ನನ್ನ ಮಗಳೂ ನಗುವುದನ್ನು ನಿಲ್ಲಿಸಿದಳು.

ಅಷ್ಟರಲ್ಲಿ ಅವಳ ಗಂಡನ ರಿಗ್ ನಿಂತುಹೋಯಿತು, ಊರಿಗೆ ಹೊರಡಿ ಎಂದರು. ಹೊರಡುವ ಮುಂಚೆ ಆಕೆ ಕೇಳಿದ್ದು ಒಂದೇ: ಇಲ್ಲಿಯ ಅಣೆಕಟ್ಟು ತೋರಿಸುತ್ತೀರಾ? “ಒಣಗಿದ ಡ್ಯಾಮ್ ನೋಡೋಕೆ ಯಾರಾದ್ರೂ ಹೋಗ್ತಾರೇನೇ?” ಎಂದು ನಮ್ಮವರು ಗೊಣಗಿದರು, ಆದರೂ ಶುಕ್ರವಾರ ಕಾರು ತೆಗೆದರು. ಅಲ್ಲಿನ ಅಣೆಕಟ್ಟುಗಳೇ ಹಾಗೆ. ಎಂದೋ ಮಳೆ ಬಂದಾಗ ತುಂಬಿ, ನೀರು ಭೂಮಿಗಿಳಿದ ಮೇಲೆ ವರ್ಷವಿಡೀ ಬಿರುಕುಬಿಟ್ಟ ಮಣ್ಣು.

ನಮ್ಮವರು ಕಾರಿನಲ್ಲೇ ಕೂತರು. ಆಕೆ ಹಾಳೆಗಳ ಸುರುಳಿ ಹೊತ್ತು ಆ ಮಣ್ಣಿಗಿಳಿದಳು. ಗಾಳಿಯ ಸುಳಿವಿರಲಿಲ್ಲ. ಒಂದೊಂದೇ ಹಾಳೆ ಹಾಸಿ, ಮೂಲೆಗೆ ಬೆಣಚುಕಲ್ಲು ಇಟ್ಟು, ಎರಡು ಸಾಲು ಮಾಡಿದಳು. ನೋಡನೋಡುತ್ತ ಅದೊಂದು ಬೀದಿಯಾಯಿತು. ಇದು ಹಿಟ್ಟಿನ ಗಿರಣಿ, ಇದು ಕ್ಷೌರದಂಗಡಿ, ಇದು ನನ್ನ ಟೀಚರ್ ಮನೆ ಎನ್ನುತ್ತ ಮುಂದೆ ನಡೆದಳು. ನಾನು ಹಿಂದೆ ಹಿಂದೆ... ತಲೆಯ ಮೇಲೆ ನೀರಿರಬೇಕಾದ ಜಾಗದಲ್ಲಿ ಬರೀ ಬಿಸಿಲು. ಎಲ್ಲಿದ್ದೇನೆ, ಯಾರ ಊರಿನಲ್ಲಿದ್ದೇನೆ, ನನಗೇ ತಿಳಿಯಲಿಲ್ಲ.

ಖಾಲಿ ಹಾಳೆಯ ಮುಂದೆ ನಿಂತಳು. ತಾನು ದಾಟಿ ಆಚೆ ಹೋಗಿ, “ಯಲ್ಲಾ, ನೀನು ಬಾ,” ಎಂದು ಕರೆದಳು. ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲೆತ್ತಿದೆ. “ಇನ್ನೂ ಮೇಲೆ,” ಎಂದಳು. ಬಗ್ಗಿ ನನ್ನ ಪಾದದ ಕೆಳಗೆ ಅಂಗೈಯಿಟ್ಟು ಇನ್ನಷ್ಟು ಎತ್ತಿಸಿ, ಕಣ್ಣುಮುಚ್ಚಿ ಏನನ್ನೋ ಅಂದಾಜು ಮಾಡಿ, “ತಮಾಮ್,” ಎಂದಳು. ಸರಿಯಾಯಿತು ಅಂತ. ದಾಟಿದೆ. ಇಬ್ಬರೂ ಆಚೆ ಕೂತು ನಾನು ತಂದಿದ್ದ ಚಿತ್ರಾನ್ನ ತಿಂದೆವು. ಅಮ್ಮನ ಮನೆಗೆ ಬಂದ ನೆಂಟರಿಗೆ ಬಡಿಸುವ ಹಾಗೆ ನನಗೆ ಮತ್ತೆ ಮತ್ತೆ ಬಡಿಸಿದಳು, ಬೇಡವೆಂದರೂ ಬಿಡಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಹೇಳಿಹೋಗಲು ಬಂದಳು. ಅವಸರದಲ್ಲಿದ್ದಳು, ಟ್ಯಾಕ್ಸಿ ಕಾಯುತ್ತಿತ್ತು. ನೇರವಾಗಿ ಒಳಗೆ ನಡೆದುಬಂದಳು, ಎಲ್ಲರ ಹಾಗೆ. ಕಾಲೆತ್ತಲಿಲ್ಲ. ನನ್ನ ರಂಗೋಲಿ ಅವಳ ಚಪ್ಪಲಿಗೆ ಮೆತ್ತಿತ್ತು. ಇಬ್ಬರೂ ಅದನ್ನೇ ನೋಡಿದೆವು. “ಹೋಗ್ಲಿ ಬಿಡಿ, ನಾಳೆ ಹಾಕ್ತೀನಿ,” ಎಂದೆ, ಅವಳಿಗೆ ಕನ್ನಡ ಬಾರದೆಂಬುದನ್ನೂ ಮರೆತು. ಆಕೆ ನನ್ನ ಕೈ ಹಿಡಿದುಕೊಂಡಳು. ಮರೆತಳೋ, ಬೇಕೆಂದೇ ಆ ಹೊಸ್ತಿಲನ್ನು ಇಲ್ಲೇ ಇಳಿಸಿಹೋದಳೋ... ಟ್ಯಾಕ್ಸಿ ತಿರುವು ದಾಟಿದ ಮೇಲೆ ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ.

ಕೆಲವು ತಿಂಗಳಿಗೆ ನಮ್ಮ ಸೋಫಾನೂ ಪಿಕಪ್ ಹತ್ತಿತು. ಅವಳ ಫೋನಿಗೆ ಕಳಿಸಿದ ಸಂದೇಶಗಳಿಗೆ ಮೊದಮೊದಲು ಉತ್ತರ ಬರುತ್ತಿತ್ತು, ಆಮೇಲೆ ಇಲ್ಲ.

ಮೊನ್ನೆ ತಳ ಹಿಡಿದ ಪೊಂಗಲ್ಲನ್ನೇ ಬಟ್ಟಲಿಗೆ ಹಾಕಿ ಪಕ್ಕದ ಫ್ಲ್ಯಾಟಿಗೆ ಕೊಡಲು ಹೊರಟೆ. ಈ ಅಪಾರ್ಟ್‌ಮೆಂಟಿನಲ್ಲಿ ಹೊಸ್ತಿಲೆಂಬುದೇ ಇಲ್ಲ, ಟೈಲ್ಸ್ ಒಂದೇ ಸಮ ಹೊರಗಿನವರೆಗೆ ಹರಿದಿದೆ. ಬಾಗಿಲಲ್ಲಿ ನನ್ನ ಕಾಲು ತಾನಾಗಿ ಮೇಲೆದ್ದಿತು. ಈಗ ಕಾಲೇಜಿಗೆ ಹೋಗುವ ಮಗಳು ಸೋಫಾದಿಂದ ತಲೆಯೆತ್ತಿ ನೋಡಿದಳು, ನಗಲಿಲ್ಲ. ಒಂದು ಕಾಲು ಎತ್ತಿಕೊಂಡೇ ನಿಂತೆ. ಇಷ್ಟೇ ಇತ್ತೇ, ಇನ್ನೂ ಮೇಲಿತ್ತೇ? ಕೇಳೋಣವೆಂದರೆ ಈಗ ನನಗೂ ಯಾರೂ ಇಲ್ಲ.