ಸೀನಿಗೆ ನುಡಿಯದ ಗಟ್ಟಿಮೇಳ

ಧಾರೆ ಎರೆಯಲು ಎಲ್ಲರೂ ಕೈ ಚಾಚಿದ ಹೊತ್ತಿಗೆ ಸರಿಯಾಗಿ ಗಂಡಿನ ದೊಡ್ಡಪ್ಪ ಛತ್ರ ಅದುರುವಂತೆ ಸೀನಿದರು. ನಾಗಮಂಗಲದ ಆ ಮದುವೆಯಲ್ಲಿ ವಾಲಗದವರ ಜಾಗದಲ್ಲಿ ಕೂತಿದ್ದದ್ದು ನಾನು ಮತ್ತು ನನ್ನ ಕಂಪ್ಯೂಟರ್. ಗಟ್ಟಿಮೇಳದ ಗುಂಡಿ ಒತ್ತಿದೆ, ಮತ್ತೆ ಒತ್ತಿದೆ, ಸದ್ದೇ ಇಲ್ಲ. ಧಾರೆ ಮುಗಿಯುವ ತನಕ ಗಟ್ಟಿಮೇಳ ನುಡಿಯದಂತೆ ಪ್ರೋಗ್ರಾಂ ಬರೆದ ಮಹಾಶಯ ನಾನೇ. ಯಾವಾಗ ಏನು ನುಡಿಸಬೇಕೆಂದು ಹೆಣ್ಣಿನ ತಂದೆಯಾದ ನಮ್ಮ ಮಾವನ ಪ್ರಾಣ ತಿಂದು ಕೇಳಿದ್ದೆ. ಪುಣ್ಯಾತ್ಮರು ಸೀನಿನ ಮಾತೇ ಎತ್ತಿರಲಿಲ್ಲ.

“ಸೀನು ಮುಚ್ಚೋಕೆ ವಾಲ್ಗ ಎಲ್ರಪ್ಪಾ? ಅಪಶಕುನ ಕಣ್ರಪ್ಪಾ, ಧಾರೆ ಎರೀಬ್ಯಾಡಿ” ಎಂದು ಗಂಡಿನ ಅಜ್ಜಿ ಎದ್ದು ನಿಂತರು. ಚಾಚಿದ ಕೈಗಳೆಲ್ಲ ಹಿಂದೆ ಸರಿದವು. ಮಾವ ನನ್ನತ್ತ ತಿರುಗಿ ಹಲ್ಲು ಕಡಿದರು: “ಸೀನುದ್ರೆ ಬಾರುಸ್ಬೇಕು ಅನ್ನದ್ನೂ ಯೋಳ್ಕೊಡ್ಬೇಕೇನ್ಲಾ?”

ಅಲ್ಲಿ ವಾದ ಮಾಡಿ ಪ್ರಯೋಜನವಿರಲಿಲ್ಲ. ಮೈಕು ಕಿತ್ತುಕೊಂಡು ವಾಲಗ, ಡೋಲು ಎರಡನ್ನೂ ಬಾಯಲ್ಲೇ ಬಾರಿಸಿದೆ. ಊರವರನ್ನೆಲ್ಲ ಅಣಕಿಸಿ ಬೈಸಿಕೊಂಡಿದ್ದ ಬಾಯಿ ಅದು. ಅಜ್ಜಿ ಕೂತರು, ಧಾರೆ ನಡೆಯಿತು.

ಈಗ ಯಾರಿಗೇ ಪ್ರೋಗ್ರಾಂ ಬರೆದುಕೊಡುವ ಮುನ್ನ ಅವರ ಮನೆಯ ಅಜ್ಜಿಯನ್ನೂ ಒಂದು ಮಾತು ಕೇಳುತ್ತೇನೆ. ಮಾವ ಮಾತ್ರ ಕಿರಿಮಗಳ ಮದುವೆಗೆ ಕಂಪ್ಯೂಟರ್ ಬೇಡ, ಬಾಯಿ ತಂದರೆ ಸಾಕು ಎಂದಿದ್ದಾರೆ.